ಟಿನಾರಿವೆನ್ ತಂಡದ 'ತಸ್ಸಿಲಿ': ಮಾಳಿಗೆ ಮೇಲೆ ಕೇಳಬೇಕಾದ ಆಲ್ಬಂ

ಮೊದಲ ಸಲ ಕೇಳಿದಾಗ ಈ ಆಲ್ಬಂ ನನಗೆ ಹಿಡಿಸಲೇ ಇಲ್ಲ. ಸೂಪರ್ ಮಾರ್ಕೆಟ್‌ನಿಂದ ಆಟೋದಲ್ಲಿ ಮನೆಗೆ ಬರುವಾಗ ಫೋನ್ ಸ್ಪೀಕರ್‌ನಲ್ಲಿ ಹಾಕಿದ್ದೆ. ಎಲ್ಲ ಹಾಡೂ ಒಂದೇ ಥರ ಅನ್ನಿಸಿ ಮೂರನೆಯದಕ್ಕೇ ಬಂದ್ ಮಾಡಿದೆ. ತಪ್ಪು ನನ್ನದೇ, ಇದು ಆಟೋ ಗದ್ದಲದಲ್ಲಿ ಕೇಳುವಂಥದ್ದಲ್ಲ.

ಆಮೇಲೆ ಮೇ ತಿಂಗಳಲ್ಲಿ ಒಂದು ರಾತ್ರಿ ಕರೆಂಟ್ ಹೋಯಿತು. ಕಲಬುರಗಿ ಬಿಸಿಲು ಗೊತ್ತಲ್ಲ, ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ರೊಟ್ಟಿ ಹಂಚಿನ ಹಾಗೆ ಸುಡುತ್ತದೆ. ಎಲ್ಲರೂ ಚಾಪೆ ಹಿಡಿದು ಮಾಳಿಗೆ ಏರಿದೆವು. ಚಿಕ್ಕ ಬ್ಲೂಟೂತ್ ಸ್ಪೀಕರ್‌ನಲ್ಲಿ ಸಣ್ಣಗೆ ಇದನ್ನೇ ಹಾಕಿ ಸುಮ್ನೆ ಮಲಗಿದೆ. ಗಿಟಾರಿನ ಒಂದು ತಂತಿ ಕೆಳಗೆ ಒಂದೇ ಸಮನೆ ಗುಂಯ್‌ಗುಡುತ್ತಿರುತ್ತದೆ, ಅದರ ಮೇಲೆ ಹಾಡು ನಿಧಾನಕ್ಕೆ ನಡೆಯುತ್ತದೆ, ಒಬ್ಬ ಹೇಳಿದ ಸಾಲನ್ನು ಉಳಿದವರು ಎತ್ತಿಕೊಳ್ಳುತ್ತಾರೆ, ಮಧ್ಯೆ ಚಪ್ಪಾಳೆ. ಪಕ್ಕದಲ್ಲಿ ಮಲಗಿದ್ದ ಕಾಕಾ ಎದ್ದು ಕೂತರು. ಅವರು ವಾರಕ್ಕೊಮ್ಮೆ ಗುಡಿಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರು, ಏಕತಾರಿ ಕೈಬಿಟ್ಟವರಲ್ಲ. "ಯಾವ ಊರಿನವ್ರಪಾ ಇವ್ರು? ಶ್ರುತಿ ಬಿಡವಲ್ರಲ್ಲ!" ಅಂದರು.

ಊರು ಸಹಾರಾ ಮರುಭೂಮಿ ಕಾಕಾ, ಅಂದೆ. ಇವರು ಟುವಾರೆಗ್ ಜನ. ಇವರ ನಾಡು ಮಾಲಿ, ನೈಜರ್, ಅಲ್ಜೀರಿಯಾ ಅಂತ ಹಂಚಿಹೋಗಿದೆ. ಟಿನಾರಿವೆನ್ ಅಂದರೆ ಅವರ ತಮಾಶೆಕ್ ಭಾಷೆಯಲ್ಲಿ 'ಮರುಭೂಮಿಗಳು'. ತಂಡ ಕಟ್ಟಿದ ಇಬ್ರಾಹಿಂ ಆಗ್ ಅಲ್ಹಬಿಬ್ ಚಿಕ್ಕ ಹುಡುಗನಾಗಿದ್ದಾಗ, 1963ರ ಟುವಾರೆಗ್ ದಂಗೆಯಲ್ಲಿ, ಮಾಲಿ ಸರ್ಕಾರ ಅವರ ಅಪ್ಪನನ್ನು ಕೊಂದಿತು. ಹುಡುಗ ಒಂದು ತಗಡಿನ ಡಬ್ಬಿ, ಒಂದು ಕೋಲು, ಸೈಕಲ್ ಬ್ರೇಕಿನ ತಂತಿ ಸೇರಿಸಿ ತನ್ನ ಮೊದಲ ಗಿಟಾರ್ ಮಾಡಿಕೊಂಡ. 1979ರಲ್ಲಿ ಅಲ್ಜೀರಿಯಾದ ತಮನ್ರಾಸೆಟ್‌ನಲ್ಲಿ ತಂಡ ಶುರುವಾಯಿತು. ಮುಂದೆ ಲಿಬಿಯಾದ ಸೈನಿಕ ಶಿಬಿರಗಳಲ್ಲಿದ್ದಾಗ, ಯಾರಾದರೂ ಖಾಲಿ ಕ್ಯಾಸೆಟ್ ತಂದುಕೊಟ್ಟರೆ ಪುಕ್ಕಟೆ ಹಾಡು ತುಂಬಿಸಿ ಕೊಡುತ್ತಿದ್ದರಂತೆ. ನಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಲು ಹತ್ತು ರೂಪಾಯಿ ತೆಗೆದುಕೊಳ್ಳುತ್ತಿದ್ದರು, ಅಲ್ವಾ!

ಹಿಂದಿನ ಆಲ್ಬಂಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ಜೋರು. 2011ರ ಈ 'ತಸ್ಸಿಲಿ'ಗೆ ಅದನ್ನು ಬದಿಗಿಟ್ಟು, ಅಲ್ಜೀರಿಯಾದ ಜಾನೆಟ್ ಹತ್ತಿರ ಡೇರೆ ಹಾಕಿ, ಹೆಚ್ಚಾಗಿ ಮರದ ಗಿಟಾರ್ ಹಿಡಿದೇ ರೆಕಾರ್ಡ್ ಮಾಡಿದ್ದಾರೆ. ಮರುವರ್ಷ ಗ್ರ್ಯಾಮಿ ಬಂತು. ನನಗೆ ಪ್ರಶಸ್ತಿಗಿಂತ ಆ ಡೇರೆ ಮುಖ್ಯ. ನಾಲ್ಕು ಜನ ಬೆಂಕಿ ಸುತ್ತ ಕೂತು ಯಾರಿಗೂ ಕೇಳಿಸಬೇಕೆಂದಿಲ್ಲದೆ ಹಾಡಿಕೊಂಡ ಹಾಗಿದೆ. ಅವರಲ್ಲಿ 'ಅಸ್ಸೂಫ್' ಅಂತ ಒಂದು ಮಾತಿದೆ. ಒಂಟಿತನ, ಮನೆ ನೆನಪು, ಹಂಬಲ ಎಲ್ಲ ಅದರೊಳಗೇ ಬರುತ್ತವೆ. ದುಡಿಯಲು ಪುಣೆ, ಮುಂಬೈಗೆ ಹೋದವರು ಇರುವ ನಮ್ಮ ಕಡೆಯ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಕರಾರು ಇಲ್ಲವೇ? ಇದೆ. ಒಂದು ಹಾಡಿಗೆ ಅಮೆರಿಕದ ಬ್ಯಾಂಡಿನ ಕಹಳೆಗಳನ್ನು ಸೇರಿಸಿದ್ದಾರೆ. ಚೆನ್ನಾಗೇ ಊದಿದ್ದಾರೆ, ಆದರೆ ನೆಂಟರು ಮನೆಯವರಿಗಿಂತ ಜಾಸ್ತಿ ಮಾತಾಡಿದ ಹಾಗಾಯಿತು. ಇನ್ನು ಸಿಡಿಯೇ ಬೇಕೆಂದು ಆನ್‌ಲೈನ್‌ನಲ್ಲಿ ತರಿಸಿದೆ, ಡಬ್ಬಿ ಒಡೆದು ಬಂತು, ಬದಲಿಸಿ ಕೊಡಲೂ ಇಲ್ಲ. ಫೋನಿನಲ್ಲೇ ಕೇಳಿ, ಸಾಕು. ಆದರೆ ದಮ್ಮಯ್ಯ, ಫೋನ್ ಸ್ಪೀಕರ್ ಬೇಡ, ಕೆಳಗಿನ ಆ ಗುಂಯ್ ಅನ್ನುವುದು ಕೇಳಿಸುವುದೇ ಇಲ್ಲ. ಐದಕ್ಕೆ ನಾಲ್ಕೂವರೆ.

ಹಿಡಿಸಿದರೆ ಮುಂದೆ ಮಾಲಿಯದೇ ಗಿಟಾರ್ ಹಾಡುಗಾರ ಆಲಿ ಫರ್ಕಾ ತೂರೆ ಕೇಳಿ. ಗ್ರ್ಯಾಮಿ ಬಂದ ಮೇಲೂ ನೈಜರ್ ನದಿ ದಂಡೆಯ ನಿಯಾಫುಂಕೆಯಲ್ಲಿ ಹೊಲ ಮಾಡಿಕೊಂಡಿದ್ದ ಮನುಷ್ಯ, ಆ ಊರಿನ ಮೇಯರ್ ಕೂಡ ಆಗಿದ್ದರು.

ಕಾಕಾ ಈ ಹಾಡುಗಳನ್ನು ತಮ್ಮ ಫೋನಿಗೂ ಹಾಕಿಸಿಕೊಂಡಿದ್ದಾರೆ. ಮೊಹರಂ ಪದಗಳ ಕೆಳಗೆ ಇವೆ. ಕೇಳಿದರೆ ಒಂಟೆ ನಡೆದ ಹಾಗಿದೆ ಅಂತ ಅವರೇ ಹೆಸರಿಟ್ಟರು. ನಮ್ಮ ಕಡೆ ಒಂಟೆಗೆ ಒಂಟಿ ಅನ್ನುತ್ತೇವಲ್ಲ, ಹಾಗಾಗಿ 'ಒಂಟಿ ಪದ' ಅಂತ ಬರೆದಿದ್ದಾರೆ. ನಾನು ತಿದ್ದಲಿಲ್ಲ.