ಕೆಂಪು ಸಮುದ್ರವೋ, ಆಫ್ರಿಕಾ ಸುತ್ತೋ: ವಿಜಯಪುರದ ದ್ರಾಕ್ಷಿ ರಫ್ತುದಾರರಿಗೆ

ತಿಕೋಟಾ ಭಾಗದ ದ್ರಾಕ್ಷಿ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಹಡಗು ಹತ್ತಿ ಯುರೋಪ್ ಮುಟ್ಟಲು ದಾರಿ ಎರಡು.

ಕೆಂಪು ಸಮುದ್ರ, ಸುಯೆಜ್ ಕಾಲುವೆಯ ದಾರಿ ಹತ್ತಿರದ್ದು. ಆದರೆ ಅದರ ದಕ್ಷಿಣದ ಬಾಗಿಲಾದ ಬಾಬ್ ಅಲ್ ಮಂಡೇಬ್ ಜಲಸಂಧಿ ಬಹಳ ಇಕ್ಕಟ್ಟು. ದಂಡೆಯಿಂದ ಹಾರಿಸಿದ ಕ್ಷಿಪಣಿಗೆ ಹಡಗು ಸುಲಭದ ಗುರಿ. 2023ರ ನವೆಂಬರ್‌ನಲ್ಲಿ ಯೆಮನ್‌ನ ಸಶಸ್ತ್ರ ಗುಂಪಾದ ಹೌತಿಗಳು ಗ್ಯಾಲಕ್ಸಿ ಲೀಡರ್ ಹಡಗನ್ನೇ ಹಿಡಿದೊಯ್ದರು. 2024ರ ಮಾರ್ಚ್‌ನಲ್ಲಿ ಅವರ ಕ್ಷಿಪಣಿಗೆ ಟ್ರೂ ಕಾನ್ಫಿಡೆನ್ಸ್ ಹಡಗಿನ ಮೂವರು ಸಿಬ್ಬಂದಿ ಸತ್ತರು. ಉಳಿದವರನ್ನು ನಮ್ಮ ನೌಕಾಪಡೆಯ ಐಎನ್‌ಎಸ್ ಕೋಲ್ಕತ್ತಾ ಕಾಪಾಡಿತು. 2025ರ ಜುಲೈನಲ್ಲಿ ಮ್ಯಾಜಿಕ್ ಸೀಸ್, ಎಟರ್ನಿಟಿ ಸಿ ಹಡಗುಗಳು ಅವರ ದಾಳಿಗೆ ಬೆನ್ನುಬೆನ್ನಿಗೆ ಮುಳುಗಿದವು. ಬಾಡಿಗೆ ಉಳಿತಾಯದ ಲೆಕ್ಕ ಹಾಕುವಾಗ ಆ ನಾವಿಕರೂ ನೆನಪಿರಲಿ.

ಇನ್ನೊಂದು ದಾರಿ ಆಫ್ರಿಕಾದ ದಕ್ಷಿಣದ ಗುಡ್ ಹೋಪ್ ಭೂಶಿರ ಸುತ್ತುವುದು. ಹಾಗೆ ಹೋದರೆ ಸುಮಾರು 10ರಿಂದ 14 ದಿನ ಹೆಚ್ಚು, ಇಂಧನದ ಖರ್ಚೂ ಹೆಚ್ಚು.

ಒಣದ್ರಾಕ್ಷಿಯಾದರೆ ಯೋಚನೆಯೇ ಬೇಡ, ಸುತ್ತಿನ ದಾರಿಯಲ್ಲೇ ಕಳಿಸಿ; ಎರಡು ವಾರಕ್ಕೆ ಅದು ಕೆಡುವುದಿಲ್ಲ. ಹಸಿ ದ್ರಾಕ್ಷಿಯದ್ದೇ ಕಷ್ಟ. ತಂಪು ಕಾಯುವ ರೀಫರ್ ಕಂಟೇನರ್‌ನಲ್ಲಿ 0 ಡಿಗ್ರಿ ಆಸುಪಾಸು ಇಟ್ಟು, ಪೆಟ್ಟಿಗೆಯಲ್ಲಿ ಬೂಷ್ಟು ತಡೆಯುವ ಸಲ್ಫರ್ ಡೈಆಕ್ಸೈಡ್ ಪ್ಯಾಡ್ ಹಾಕಿದರೂ ದಿನ ಕಳೆದಂತೆ ತೊಟ್ಟು ಒಣಗಿ ಕಂದಾಗುತ್ತದೆ, ಕಾಳು ಉದುರುತ್ತದೆ. ಹಾಗಿದ್ದರೂ ನನ್ನ ಮತ ಸುತ್ತಿನ ದಾರಿಗೇ. ಗಟ್ಟಿ ಕಾಳಿನ, ಹಸಿರು ತೊಟ್ಟಿನ ಗೊನೆಗಳನ್ನಷ್ಟೇ ಆರಿಸಿ, ಕೊಯ್ದ ದಿನವೇ ಪ್ರಿಕೂಲಿಂಗ್ (ತುಂಬುವ ಮೊದಲೇ ಬೇಗ ತಣ್ಣಗಾಗಿಸುವುದು) ಮಾಡಿಸಿ.

ಸುಯೆಜ್ ಮೂಲಕವೇ ಹೋಗುವ ಹಡಗು ಸಿಕ್ಕರೆ ಮೊದಲು ವಿಮೆಯ ಕಾಗದ ಓದಿ. ಸಾಮಾನ್ಯ ಸರಕು ವಿಮೆಯಲ್ಲಿ ಯುದ್ಧದ ನಷ್ಟ ಸೇರಿರುವುದಿಲ್ಲ, ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಬೇಕು. ಆ ಹಣ ನಿಮ್ಮದೋ, ಕೊಳ್ಳುವವರದೋ ಎಂಬುದನ್ನು ಕಂಟೇನರ್ ತುಂಬುವ ಮೊದಲೇ ಬರಹದಲ್ಲಿ ಪಡೆಯಿರಿ.