1,600 ರೂಪಾಯಿಯ ಎನ್‌ಡಿ ಫಿಲ್ಟರ್, ಮಲೆನಾಡಿನ ಬಿಸಿಲಿಗೆ ಸಾಕಾ?

ಹೂ ಮಳೆ ಬಿದ್ದು ಒಂಬತ್ತು ದಿನ ಆಗಿತ್ತು. ಮೂಡಿಗೆರೆ ಹತ್ತಿರ ಚಿಕ್ಕಪ್ಪನ ತೋಟದಲ್ಲಿ ಕಾಫಿ ಗಿಡವೆಲ್ಲ ಬೆಳ್ಳಗೆ. ಮದುವೆ ಗೊತ್ತಾಗಿದ್ದ ತಂಗಿಯದೊಂದು ಪುಟ್ಟ ವೀಡಿಯೊ ಮಾಡೋಣ ಅಂತ ಡಿಎಸ್‌ಎಲ್‌ಆರ್ ಹಿಡಿದು ಹೋದವನು, ಕಾಫಿ ಕಣದ ಸುಡುಬಿಸಿಲಿನಲ್ಲಿ ಶಟರನ್ನು (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಸಮಯ) ಸೆಕೆಂಡಿನ 1/1600ಕ್ಕೆ ಏರಿಸಿ ಶೂಟ್ ಮಾಡಿಕೊಂಡು ಬಂದೆ. ಮನೆಗೆ ಬಂದು ನೋಡಿದರೆ ಅವಳು ನಡೆಯುತ್ತಿಲ್ಲ, ಕುಕ್ಕುತ್ತಿದ್ದಾಳೆ. ಹಾರುವ ಸೆರಗೂ ತುಂಡು ತುಂಡು.

ಸೆಕೆಂಡಿಗೆ 25 ಫ್ರೇಮಿನ ವೀಡಿಯೊಗೆ ಶಟರ್ 1/50 ಇರಬೇಕು. ಕೈಕಾಲು ಆಡುವಾಗ ಆಗ ಸ್ವಲ್ಪ ಮಸುಕು ಬರುತ್ತದಲ್ಲ, ಅದೇ ನಮ್ಮ ಕಣ್ಣಿಗೆ ಸಹಜ. ಆದರೆ ಆ ಬಿಸಿಲಿನಲ್ಲಿ 1/50, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100 ಇಟ್ಟರೆ ಅಪರ್ಚರನ್ನು, ಅಂದರೆ ಲೆನ್ಸಿನ ಕಿಂಡಿಯನ್ನು, ಎಫ್ 22ರವರೆಗೆ ಮುಚ್ಚಬೇಕು. ಚಿತ್ರದ ಮೊನಚು ಹೋಗುತ್ತದೆ, ಸೆನ್ಸರ್ ಮೇಲಿನ ಧೂಳೆಲ್ಲ ಆಕಾಶದಲ್ಲಿ ಚುಕ್ಕೆಯಾಗಿ ಕಾಣುತ್ತದೆ. ನನಗೆ ಬೇಕಿದ್ದದ್ದು ಅಗಲ ಕಿಂಡಿಯ ಎಫ್ 4. ಅಂದರೆ ಐದು ಸ್ಟಾಪ್ ಬೆಳಕು ಜಾಸ್ತಿ (ಒಂದೊಂದು ಸ್ಟಾಪಿಗೂ ಬೆಳಕು ದುಪ್ಪಟ್ಟು).

ಅದಕ್ಕೇ ಈ ವೇರಿಯಬಲ್ ಎನ್‌ಡಿ ಫಿಲ್ಟರ್, ಅಂದರೆ ಲೆನ್ಸ್ ಮುಂದೆ ಹಾಕಿ ಬೆಳಕನ್ನು ಬೇಕಾದಷ್ಟು ಕಮ್ಮಿ ಮಾಡುವ ಗಾಜು, ತರಿಸಿದೆ. ಬ್ರ್ಯಾಂಡ್ ಹೆಸರು ಹೇಳಿ ಪ್ರಯೋಜನ ಇಲ್ಲ, ಇದೇ ಮಾಲು ಹತ್ತು ಹೆಸರಲ್ಲಿ ಬರುತ್ತದೆ. ಒಳಗೆ ಎರಡು ಪೋಲರೈಸರ್ ಗಾಜು, ಮುಂದಿನದನ್ನು ತಿರುಗಿಸಿದರೆ ಬೆಳಕು ಕಮ್ಮಿ ಆಗುತ್ತಾ ಹೋಗುತ್ತದೆ. ಡಬ್ಬಿ ಮೇಲೆ 2ರಿಂದ 400 ಅಂತ ಬರೆದಿದ್ದಾರೆ, ಅಂದರೆ ಬೆಳಕನ್ನು ಅರ್ಧದಿಂದ ನಾನೂರರಲ್ಲೊಂದು ಪಾಲಿನವರೆಗೆ ಇಳಿಸುತ್ತದಂತೆ. 400 ಸುಮ್ನೆ ಮಾತು. ಐದು ಸ್ಟಾಪ್ ದಾಟಿ ಸ್ವಲ್ಪ ತಿರುಗಿಸಿದರೂ, ಅಗಲ ನೋಟದ 18 ಎಂಎಂನಲ್ಲಿ ಚಿತ್ರದ ನಡುವೆ ಕತ್ತರಿ ಗುರುತಿನ ಹಾಗೆ ಕಪ್ಪು ನೆರಳು ಬೀಳುತ್ತದೆ. 50 ಎಂಎಂನಲ್ಲಿ ಅಷ್ಟು ಕಾಣಲ್ಲ. ನಾನು 32ರ (ಅಂದರೆ ಐದು ಸ್ಟಾಪಿನ) ಜಾಗಕ್ಕೆ ಉಗುರು ಬಣ್ಣದಲ್ಲಿ ಒಂದು ಚುಕ್ಕೆ ಇಟ್ಟುಕೊಂಡಿದ್ದೇನೆ, ಅದರಾಚೆ ಹೋಗುವುದಿಲ್ಲ.

ಇನ್ನೊಂದು ವಿಷಯ ಯಾರೂ ಹೇಳಿರಲಿಲ್ಲ. ಕಾಫಿ ಎಲೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ ಅಲ್ವಾ? ಶಾಟ್ ನಡೆಯುವಾಗಲೇ ಫಿಲ್ಟರ್ ತಿರುಗಿಸಿದರೆ ಆ ಹೊಳಪು ಬಂದು ಹೋಗಿ ಮಾಡುತ್ತದೆ, ಮುಖದ ಮೇಲಿನದೂ ಅಷ್ಟೇ. ಹಾಗಾಗಿ ಮೊದಲೇ ತಿರುಗಿಸಿ, ಆಮೇಲೆ ರೆಕಾರ್ಡ್ ಒತ್ತಿ. ಮುಳ್ಳಯ್ಯನಗಿರಿ ಮೇಲೆ ಎರಡು ನಿಮಿಷಕ್ಕೊಮ್ಮೆ ಮಂಜು ಬಂದು ಹೋಗುತ್ತಿದ್ದಾಗ ಮಾತ್ರ ಇದು ನಿಜಕ್ಕೂ ಕೈ ಹಿಡಿಯಿತು. ಶಟರ್, ಅಪರ್ಚರ್, ಐಎಸ್‌ಒ ಯಾವುದನ್ನೂ ಮುಟ್ಟದೆ, ಶಾಟ್ ಶಾಟಿನ ನಡುವೆ ಬರೀ ರಿಂಗ್ ತಿರುಗಿಸಿಕೊಂಡು ಮುಗಿಸಿದೆ.

ಬಣ್ಣ ಸ್ವಲ್ಪ ಹಸಿರು ಕಡೆ ವಾಲುತ್ತದೆ. ವೈಟ್ ಬ್ಯಾಲೆನ್ಸನ್ನು (ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಸರಿಮಾಡುವ ಸೆಟ್ಟಿಂಗ್) ಆಟೋದಲ್ಲಿ ಇಟ್ಟರೆ ಶಾಟಿಗೊಂದು ಬಣ್ಣ. ಫಿಲ್ಟರ್ ಹಾಕಿಕೊಂಡೇ ಚಿಕ್ಕಪ್ಪನ ಬಿಳಿ ಪಂಚೆಗೆ ಹಿಡಿದು ಕಸ್ಟಮ್ ವೈಟ್ ಬ್ಯಾಲೆನ್ಸ್ ತೆಗೆದುಕೊಂಡೆ, ಸರಿಹೋಯಿತು. ("ನನ್ನ ಪಂಚೆ ಫೋಟೋ ಯಾಕೋ?" ಅಂತ ಅವರು ಸಂಜೆವರೆಗೂ ಕೇಳಿದರು.)

ಕಲ್ಯಾಣ ಮಂಟಪದ ಒಳಗೆ ಇದನ್ನು ಬಿಚ್ಚಿಡಿ, ಅಲ್ಲಿ ಇರುವ ಬೆಳಕೇ ಸಾಲದು. ಶಟರ್ 1/50ರಲ್ಲೇ ಇರಲಿ. ನಮ್ಮ ಕರೆಂಟು 50 ಹರ್ಟ್ಸ್, 1/60 ಇಟ್ಟರೆ ಟ್ಯೂಬ್‌ಲೈಟ್ ಕೆಳಗೆ ಪಟ್ಟೆ ಪಟ್ಟೆ ಓಡುತ್ತದೆ.

ತಗೊಳ್ಳುವುದಾದರೆ ನಿಮ್ಮ ಹತ್ತಿರ ಇರುವ ದೊಡ್ಡ ಲೆನ್ಸಿನ ಅಳತೆಗೆ ತಗೊಳ್ಳಿ, ಚಿಕ್ಕದಕ್ಕೆ ದೊಡ್ಡ ಫಿಲ್ಟರ್ ಕೂರಿಸುವ ಸ್ಟೆಪ್-ಅಪ್ ರಿಂಗ್ ಸಾಕು. ಎರಡನೇ ಲೆನ್ಸ್ ಕೊಳ್ಳುವ ಮೊದಲು ಇದನ್ನೇ ಕೊಳ್ಳಿ ಅಂತ ನಾನು ಹೇಳುತ್ತೇನೆ. ಹಳೆ ಲೆನ್ಸ್ ಕ್ಯಾಪ್ ಇದರ ಮೇಲೆ ಕೂರುವುದಿಲ್ಲ. ಒಂದು ಸಲ ಸ್ಟೆಪ್-ಅಪ್ ರಿಂಗು ಫಿಲ್ಟರಿಗೆ ಕಚ್ಚಿಕೊಂಡು ಬಿಡಲೇ ಇಲ್ಲ, ಕೊನೆಗೆ ಹಾಲಿನ ಪ್ಯಾಕೆಟ್ಟಿನ ರಬ್ಬರ್ ಬ್ಯಾಂಡ್ ಸುತ್ತಿ ತಿರುಗಿಸಿದ ಮೇಲೆ ಬಂತು.