ಬೈಪಾರ್ಟೈಟ್: ಲೆಕ್ಕ ಗಟ್ಟಿ, ಚಿತ್ರವನ್ನು ಮಾತ್ರ ನಂಬಿ ಕೂರಬೇಡಿ

ಯಾವ ಗಿಡಕ್ಕೆ ಯಾವ ಪರಾಗಸ್ಪರ್ಶಕ ಎಷ್ಟು ಸಲ ಭೇಟಿ ಕೊಟ್ಟಿತೆಂಬ ಜಾಲದ ಚಿತ್ರ ಬಿಡಿಸಲು, ಅಂಕಿಅಂಶ ಲೆಕ್ಕಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿರುವ ಉಚಿತ ಪ್ಯಾಕೇಜ್ ಬೈಪಾರ್ಟೈಟ್. ಒಂದೇ ಜಾಲವಾದರೆ ಎರಡು ಸಾಲು ಕೋಡ್ ಸಾಕು. ದನ ಮೇಯ್ದ ಜಾಗವನ್ನೂ ಮೇಯದ ಜಾಗವನ್ನೂ ಅಕ್ಕಪಕ್ಕ ಇಟ್ಟಾಗಲೇ ಇದರ ಹುಳುಕು ಕಾಣುವುದು.

ಅಭ್ಯಾಸಕ್ಕೆ ದತ್ತಾಂಶ ಹುಡುಕಿಕೊಂಡು ಹೋಗಬೇಕಿಲ್ಲ. ಅರ್ಜೆಂಟೀನಾದ ನಹುವೆಲ್ ಹುವಾಪಿ ರಾಷ್ಟ್ರೀಯ ಉದ್ಯಾನ ಪ್ರದೇಶದ ಜಾಲಗಳು ಪ್ಯಾಕೇಜಿನಲ್ಲೇ ಇವೆ: ವಾಜ್‌ಕ್ವೆಕ್ (vazquec) ದನ ಮೇಯ್ದ ಜಾಗದ್ದು, ವಾಜ್‌ಕ್ವೆಂಕ್ (vazquenc) ಮೇಯದ ಜಾಗದ್ದು. ಹೆಸರಿನಲ್ಲಿ ಒಂದು 'ಎನ್' ಬಿಟ್ಟುಹೋದರೆ ತೀರ್ಮಾನವೇ ತಿರುಗುಮುರುಗು!

ಚಿತ್ರ ಬಿಡಿಸುವ ಮುಖ್ಯ ಆಜ್ಞೆ (ಫಂಕ್ಷನ್) ಪ್ಲಾಟ್‌ವೆಬ್. ಒಂದು ಸಾಲಿನಲ್ಲಿ ಗಿಡ, ಎದುರು ಸಾಲಿನಲ್ಲಿ ಕೀಟ. ಪಟ್ಟಿ ದಪ್ಪವಾದಷ್ಟೂ ಭೇಟಿ ಹೆಚ್ಚು. ಗೆರೆಗಳು ಒಂದನ್ನೊಂದು ಕತ್ತರಿಸುವುದು ಕಡಿಮೆಯಾಗಲೆಂದು ಅದು ಪ್ರತಿ ಜಾಲದ ಪ್ರಭೇದಗಳನ್ನು ತನ್ನಿಚ್ಛೆಯಂತೆ ಜೋಡಿಸಿಬಿಡಬಹುದು. ಹಾಗಾಗಿ ಒಂದು ಚಿತ್ರದಲ್ಲಿ ಎಡತುದಿಯಲ್ಲಿದ್ದ ಜೇನು ಇನ್ನೊಂದರಲ್ಲಿ ಬಲಕ್ಕೆ ಹಾರಿರಬಹುದು. ಎರಡೂ ಜಾಗಗಳ ಪ್ರಭೇದಗಳನ್ನು ಸೇರಿಸಿ ಒಂದೇ ಪಟ್ಟಿ ಮಾಡಿ, ಆ ಕ್ರಮವನ್ನೇ ಎರಡಕ್ಕೂ ಕೊಡಿ. ಇದಕ್ಕಿಂತ ಕೆಟ್ಟದ್ದು ಅಳತೆ. ಪ್ರತಿ ಜಾಲವೂ ಫಲಕದ ಅಗಲಕ್ಕೆ ಹಿಗ್ಗುವುದರಿಂದ 80 ಭೇಟಿಯ ಜಾಗವೂ 800 ಭೇಟಿಯ ಜಾಗವೂ ಸಮನಾಗಿ ತುಂಬಿಕೊಂಡಂತೆ ಕಾಣುತ್ತವೆ. ಫಲಕಗಳ ಅಗಲವನ್ನು ಒಟ್ಟು ಭೇಟಿಗಳ ಅನುಪಾತದಲ್ಲಿಟ್ಟರೆ ಹೆಚ್ಚುಕಮ್ಮಿ ಸರಿಹೋಗುತ್ತದೆ. ಕೆಳಗೆ ಒಟ್ಟು ಸಂಖ್ಯೆಯನ್ನೂ ಬರೆಯಿರಿ.

ನಲವತ್ತು ಪ್ರಭೇದ ದಾಟಿತೆಂದರೆ ಹೆಸರುಗಳು ಒಂದರ ಮೇಲೊಂದು ಬೀಳುತ್ತವೆ. ಆಗ ಚೌಕಳಿ ಬಿಡಿಸುವ ವಿಸ್‌ವೆಬ್ ವಾಸಿ. ಅದು ತಾನಾಗಿ ಮಾಡುವ ವಿಂಗಡಣೆಯನ್ನು ನಿಲ್ಲಿಸಿ, ಚೌಕಗಳಲ್ಲಿ ಭೇಟಿಯ ಸಂಖ್ಯೆಯನ್ನು ಅಚ್ಚು ಹಾಕಿಸಿ. ಬಣ್ಣದ ಗಾಢತೆಯೊಂದನ್ನೇ ನೋಡಿ ಎರಡು ಜಾಗಗಳನ್ನು ಹೋಲಿಸಬಾರದು.

ಹೊಲದ ಟಿಪ್ಪಣಿಯಿಂದ ಜಾಲ ಕಟ್ಟಲು ಫ್ರೇಮ್‌ಟುವೆಬ್ಸ್ ಚೊಕ್ಕ: ಗಿಡ, ಕೀಟ, ಜಾಗ, ಭೇಟಿ, ನಾಲ್ಕೇ ಕಂಬಸಾಲು. ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದರೂ ಅದು ಬೇರೆ ಪ್ರಭೇದವಾಗಿಬಿಡುತ್ತದೆ. ಮೊದಲೇ ಒರೆಸಿ.

ಜಾಲದ ಸ್ವರೂಪವನ್ನು ಅಂಕಿಯಲ್ಲಿ ಹೇಳುವ ಸೂಚ್ಯಂಕಗಳ ಭಾಗವೇ ಈ ಪ್ಯಾಕೇಜಿನ ಬಲ. ಆದರೆ ಅವನ್ನು ಲೆಕ್ಕ ಹಾಕುವ ನೆಟ್‌ವರ್ಕ್‌ಲೆವೆಲ್‌ಗೆ ಎಲ್ಲವನ್ನೂ ಕೇಳಿದರೆ ದೊಡ್ಡ ಜಾಲದಲ್ಲಿ ಕಾದು ಕೂರಬೇಕು. ಜಾಲ ಎಷ್ಟು ವಿಶೇಷೀಕೃತವೆಂದು 0ರಿಂದ 1ರವರೆಗೆ ಹೇಳುವ ಎಚ್‌2 ಪ್ರೈಮ್, ಕೊಂಡಿಗಳು ಒಂದರೊಳಗೊಂದು ಎಷ್ಟು ಅಡಕವಾಗಿವೆಯೆಂದು ಭೇಟಿಯ ಸಂಖ್ಯೆಯನ್ನೂ ಗಣಿಸಿ ಹೇಳುವ ತೂಕದ ನೋಡ್‌ಎಫ್ ಸಾಕು. ಕನೆಕ್ಟೆನ್ಸ್, ಅಂದರೆ ಸಾಧ್ಯವಿರುವ ಕೊಂಡಿಗಳಲ್ಲಿ ನಿಜಕ್ಕೂ ಕಂಡವುಗಳ ಪಾಲು, ಪ್ರಭೇದಗಳ ಸಂಖ್ಯೆ ಏರಿದಂತೆ ಸಾಮಾನ್ಯವಾಗಿ ಇಳಿಯುತ್ತದೆ. ಮೇಯದ ಜಾಗದಲ್ಲಿ ಅದು ಕಡಿಮೆ ಬಂದ ಮಾತ್ರಕ್ಕೆ ಅದು ದನ ಮೇಯುವುದಕ್ಕೆ ಸಂಬಂಧಿಸಿದ ಪರಿಣಾಮ ಎನ್ನಲಾಗದು. ನಲ್‌ಮಾಡೆಲ್‌ನಿಂದ 1000 ಯಾದೃಚ್ಛಿಕ ಜಾಲ ತಯಾರಿಸಿ ಅವುಗಳ ಜತೆ ಹೋಲಿಸಿ. ಒಂದು ಜಾಗವನ್ನು 20 ಗಂಟೆ, ಇನ್ನೊಂದನ್ನು 12 ಗಂಟೆ ನೋಡಿದ್ದರೆ ಅಪರೂಪದ ಕೊಂಡಿಗಳು ಎರಡನೆಯದರಲ್ಲಿ ತಪ್ಪಿಹೋಗಿರುತ್ತವೆ. ಕಾಣದೇ ಉಳಿದ ಆ ಕೊಂಡಿಗಳನ್ನು ಯಾವ ಪ್ಯಾಕೇಜೂ ಮರಳಿ ತರಲಾರದು.